ಹುಷಾರಿಲ್ಲದಾಗ ರಾಜೀನಾಮೆ ಬೇಡ: ನನ್ನ ಅನುಭವ

ನಾನು ಎಚ್‌ಆರ್ ಕೆಲಸದಲ್ಲಿದ್ದೇನೆ. ಜನ ನನ್ನನ್ನು ಜಾಸ್ತಿ ಕೇಳುವುದು ಇದನ್ನೇ: "ಮೈಗೆ ಹುಷಾರಿಲ್ಲ, ಕೆಲಸ ಬಿಟ್ಟುಬಿಡಲಾ?" ಮೊದಲು ರಜೆ ಹಾಕಿ, ರಾಜೀನಾಮೆ ಆಮೇಲೆ ಅನ್ನುತ್ತೇನೆ. ಹಿಂದಿನ ಕಂಪನಿಯಲ್ಲಿ ಬೆನ್ನುನೋವು ಬಂದು ನಾನೇ ಮಲಗಿದಾಗಲೂ ಹಾಗೇ ಮಾಡಿದೆ.

ಕಂಪನಿ ಕೊಡುವ ಕಾಯಿಲೆ ರಜೆಯ ಸಂಬಳ ಸಾಮಾನ್ಯವಾಗಿ ನೌಕರಿಯ ಕೊನೆಯ ದಿನಕ್ಕೆ ನಿಲ್ಲುತ್ತದೆ. ನೋವಿನಲ್ಲಿ ಬರೆದುಕೊಟ್ಟ ಒಂದು ಚೀಟಿಯಿಂದ ಅದನ್ನು ಯಾಕೆ ಕಳೆದುಕೊಳ್ಳಬೇಕು? ಕಾಯಿಲೆಯಿಂದ ಸ್ವಲ್ಪ ಕಾಲ ಗೈರಾದ ಮಾತ್ರಕ್ಕೆ ಕೆಲಸದಿಂದ ತೆಗೆಯುವಂತಿಲ್ಲ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1982ರ 158ನೇ ಒಪ್ಪಂದ ಹೇಳುತ್ತದೆ. 1969ರ 130ನೇ ಒಪ್ಪಂದದಲ್ಲಿ ಕಾಯಿಲೆ ಭತ್ಯೆ ಹಿಂದಿನ ಗಳಿಕೆಯ ಕನಿಷ್ಠ ಶೇ. 60ರಷ್ಟು ಇರಬೇಕು ಎಂಬ ಅಳತೆ ಇದೆ. ಮೊದಲ 3 ದಿನ ಭತ್ಯೆ ಕೊಡದಿರುವುದಕ್ಕೂ ಅವಕಾಶವಿದೆ. ಇವೆಲ್ಲ ಆ ಒಪ್ಪಂದಗಳನ್ನು ಅಧಿಕೃತವಾಗಿ ಒಪ್ಪಿಕೊಂಡ ದೇಶಗಳಿಗೆ ಮಾತ್ರ. ಹಾಗಾಗಿ ನಿಮ್ಮಲ್ಲಿನ ಕಾನೂನು, ನೇಮಕಾತಿ ಪತ್ರ ಎರಡನ್ನೂ ಓದಿ.

ರಜೆಯಲ್ಲಿ ನಾನು ತುಂಬಾ ಗಮನ ಕೊಟ್ಟಿದ್ದು ಡಾಕ್ಟರ್ ಸರ್ಟಿಫಿಕೇಟಿನ ತಾರೀಖಿಗೆ. ಒಂದು ಸರ್ಟಿಫಿಕೇಟ್ 10ಕ್ಕೆ ಮುಗಿದರೆ ಮುಂದಿನದು 11ರಿಂದಲೇ ಶುರುವಾಗಬೇಕು. ನಡುವೆ ಒಂದು ದಿನ ಬಿಟ್ಟುಹೋದರೂ ಲೆಕ್ಕದಲ್ಲಿ ಅದು ಗೈರುಹಾಜರಿ. ಸಂಬಳ ಕಡಿತದ ಜಗಳಗಳು ಹುಟ್ಟುವುದು ಎಷ್ಟೋ ಸಲ ಈ ಒಂದು ದಿನದಿಂದಲೇ.

ಗುಣವಾಗಿ ವಾಪಸ್ ಹೋದ ಮೇಲೆ, ಸಮಾಧಾನವಾಗಿ ಯೋಚಿಸಿ ರಾಜೀನಾಮೆ ಕೊಟ್ಟೆ. "ಆದಷ್ಟು ಬೇಗ ಬಿಡುಗಡೆ ಮಾಡಿ" ಅಂತ ಬರೆಯಲಿಲ್ಲ. ಹಾಗೆ ಬರೆದರೆ ದಿನ ನಿಗದಿ ಮಾಡುವುದು ಅವರ ಕೈಗೆ ಹೋಗುತ್ತದೆ, ಅಲ್ವಾ? ಪತ್ರ ಕೊಟ್ಟ ದಿನ, ನೋಟಿಸ್ ಅವಧಿ, ಕೊನೆಯ ದಿನ ಇಷ್ಟನ್ನೇ ಬರೆದೆ. ಕಾರಣ ಬರೆಯಲಿಲ್ಲ.

ನೋಟಿಸ್ ಅವಧಿಯಲ್ಲಿ ಬೆನ್ನು ಮತ್ತೆ ಕೈಕೊಟ್ಟಿತು. "ರಜೆ ಹಾಕಿದಷ್ಟು ದಿನ ನೋಟಿಸ್ ಮುಂದಕ್ಕೆ ಹೋಗುತ್ತೆ" ಎಂದರು ಮ್ಯಾನೇಜರ್. ಕೆಲವು ಕಡೆ ಅಂಥ ನಿಯಮ ಇರುತ್ತದೆ. ನನ್ನ ನೇಮಕಾತಿ ಪತ್ರದಲ್ಲಿ ಇರಲಿಲ್ಲ. ವಾದ ಮಾಡಲಿಲ್ಲ. "ಸರ್, ಯಾವ ನಿಯಮದ ಪ್ರಕಾರ ಅಂತ ದಯವಿಟ್ಟು ಇಮೇಲ್‌ನಲ್ಲಿ ತಿಳಿಸಿ" ಎಂದು ಕೇಳಿದೆ. ಆ ಮಾತು ಮತ್ತೆ ಬರಲಿಲ್ಲ. ಕೊನೆಯ ದಿನವೂ ಬದಲಾಗಲಿಲ್ಲ.

ಬಾಕಿ ಸಂಬಳ, ಉಳಿದ ರಜೆಯ ಹಣ, ಅನುಭವ ಪತ್ರ ಯಾವಾಗ ಸಿಗುತ್ತದೆ ಅಂತಲೂ ಬರಹದಲ್ಲೇ ಕೇಳಿ ಇಟ್ಟುಕೊಂಡೆ. ಕೊನೆಯ ದಿನ ಸಂಜೆ ಆಫೀಸಿನ ಲಾಗಿನ್ ಬಂದ್ ಆಗುತ್ತದೆ. ಅದಕ್ಕೆ ಮುಂಚೆಯೇ ನನ್ನ ಪೇ ಸ್ಲಿಪ್, ರಜೆಯ ಲೆಕ್ಕ, ರಾಜೀನಾಮೆ ತಲುಪಿದೆ ಎಂಬ ಉತ್ತರ ಎಲ್ಲದರ ಪ್ರತಿ ತೆಗೆದುಕೊಂಡೆ. ಕಂಪನಿಯ ಬೇರೆ ಯಾವ ಕಡತವನ್ನೂ ಮುಟ್ಟಲಿಲ್ಲ.