ಒಂಬತ್ತು ಸೈಕಲ್, ಅರವತ್ತು ಲೀಟರ್ ನೀರು

ಧಾರವಾಡದ ನಮ್ಮ ಭಾನುವಾರದ ಸೈಕಲ್ ಗುಂಪಿನಲ್ಲಿ ಒಂಬತ್ತು ಜನ. ಚಿಕ್ಕವನಿಗೆ 24, ನಿವೃತ್ತ ಮೇಷ್ಟ್ರಿಗೆ 61. ಥಾರ್ ಮರುಭೂಮಿಗೆ ಹೋಗೋಣ ಅಂತ ಮಾತು ಎದ್ದಾಗ ಎಲ್ಲರೂ ಹೆದರಿದ್ದು ಬಿಸಿಲಿಗೆ. ನಮ್ಮ ದಾರಿಯಲ್ಲೇ ಬರುವ ಫಲೋದಿಯಲ್ಲಿ 2016ರ ಮೇ ತಿಂಗಳಲ್ಲಿ 51 ಡಿಗ್ರಿ ದಾಖಲಾಗಿತ್ತು. ಹಾಗಾಗಿ ಜನವರಿಯೇ ಸರಿ ಅಂತ ತೀರ್ಮಾನವಾಯಿತು. ಹಗಲು 24-25 ಡಿಗ್ರಿ, ನಮ್ಮೂರಿನ ಚಳಿಗಾಲದಷ್ಟೂ ಸೆಕೆ ಇಲ್ಲ. ಇನ್ನೇನು ಭಯ ಅಂದುಕೊಂಡೆವು. ಅಲ್ಲೇ ಎಡವಿದ್ದು.

ಜೋಧ್‌ಪುರದಿಂದ ಓಸಿಯಾಂ, ಫಲೋದಿ, ರಾಮದೇವ್ರಾ, ಪೋಖ್ರಣ್, ಜೈಸಲ್ಮೇರ್, ಕೊನೆಗೆ ಸಮ್ ಮರಳುದಿಬ್ಬಗಳು. ಒಟ್ಟು ಸುಮಾರು 350 ಕಿ.ಮೀ. ನಾವು ಊರಲ್ಲಿ ಒಂದೇ ದಿನಕ್ಕೆ 120 ಹೊಡೆದವರು. ಆದರೂ ಹೆಚ್ಚಿನ ದಿನಗಳಿಗೆ 65-75ರ ಮಿತಿ ಹಾಕಿದೆ. ಯಾಕೆಂದರೆ ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಏಳು ಗಂಟೆ ದಾಟಿದ ಮೇಲೆ. ಆರಕ್ಕೆಲ್ಲ ಮುಳುಗುತ್ತಾನೆ. ಕತ್ತಲಾದರೆ ರಸ್ತೆ ಮಧ್ಯೆ ದನ ಮಲಗಿರುತ್ತವೆ, ಲಾರಿಗಳಿಗೆ ನಾವು ಕಾಣುವುದಿಲ್ಲ. ಸಂಜೆ ನಾಲ್ಕಕ್ಕೆ ಎಲ್ಲರೂ ವಸತಿ ಮುಟ್ಟಿರಬೇಕು ಅನ್ನುವುದನ್ನು ಮೊದಲು ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ಪಂಕ್ಚರ್, ಊಟ, ಫೋಟೋ ಎಲ್ಲ ಸೇರಿ ಗುಂಪಿನ ವೇಗ ಗಂಟೆಗೆ 11-12 ಕಿ.ಮೀ. ಮೇಲೆ ಹೋಗುವುದಿಲ್ಲ. ಜಾಸ್ತಿ ಹಿಡಿದರೆ ನಮಗೇ ಸುಳ್ಳು ಹೇಳಿಕೊಂಡಂತೆ.

ಹುಬ್ಬಳ್ಳಿಯಿಂದ ಜೋಧ್‌ಪುರಕ್ಕೆ ನೇರ ರೈಲಿದೆ. ಸೈಕಲ್‌ಗಳನ್ನು ಲಗೇಜ್ ಬೋಗಿಗೆ ಹಾಕಿದೆವು. ಇಳಿಸಿಕೊಂಡಾಗ ಒಂದರ ಗೇರ್ ಹ್ಯಾಂಗರ್ ಬಾಗಿತ್ತು. ಗೇರನ್ನು ಫ್ರೇಮಿಗೆ ಹಿಡಿದಿಡುವ ಬೆರಳುದ್ದದ ತುಂಡು ಅದು. ಪ್ರತಿ ಸೈಕಲ್‌ಗೂ ಅದರ ಆಕಾರವೇ ಬೇರೆ, ಸಣ್ಣ ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ. ಒಂಬತ್ತು ಸೈಕಲ್‌ಗೂ ಒಂದೊಂದು ಹೆಚ್ಚುವರಿ ತಂದಿದ್ದಕ್ಕೆ ಬಚಾವ್. ಆಮೇಲೆ ಹೊಳೆಯಿತು, ಗೇರ್ ಬಿಚ್ಚಿ ಬಟ್ಟೆ ಸುತ್ತಿ ಕಳಿಸಿದ್ದರೆ ಬಾಗುತ್ತಲೇ ಇರಲಿಲ್ಲ.

ಜೊತೆಗೆ ಅಲ್ಲಿಯದೇ ಒಂದು ಬೊಲೆರೊ ಬಾಡಿಗೆಗೆ ಹಿಡಿದೆವು. ಅದು ನಮ್ಮ ಹಿಂದೆ ಬರುವುದಲ್ಲ, 15 ಕಿ.ಮೀ. ಮುಂದೆ ಹೋಗಿ ಕಾಯುವುದು. ಕೊನೆಯ ಸೈಕಲ್ ಬಂದು ಮುಟ್ಟುವವರೆಗೂ ಯಾರೂ ಅಲ್ಲಿಂದ ಕದಲುವಂತಿಲ್ಲ. ಮುಂದೆ ಒಬ್ಬರು, ಹಿಂದೆ ಒಬ್ಬರು ಗೊತ್ತು ಮಾಡಿದ ಸವಾರರು, ಇವರಿಬ್ಬರ ಆಚೆ ಯಾರೂ ಹೋಗುವಂತಿಲ್ಲ. ನೀರು ಒಬ್ಬರಿಗೆ ದಿನಕ್ಕೆ ಆರು ಲೀಟರ್. ಡ್ರೈವರ್ ಸೇರಿ ಹತ್ತು ಜನ, ಅಂದರೆ 20 ಲೀಟರಿನ ಮೂರು ಕ್ಯಾನ್. ಆ ಕಡೆ ಬೋರ್‌ವೆಲ್ ನೀರು ಎಷ್ಟೋ ಕಡೆ ಉಪ್ಪು. ಸಿಕ್ಕಲ್ಲಿ ತುಂಬಿಸಿಕೊಂಡರಾಯಿತು ಅನ್ನುವ ನಮ್ಮ ಕಡೆಯ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಲೆಕ್ಕ ಎಲ್ಲ ಸರಿ ಇತ್ತು. ಆದರೆ ಕ್ಯಾನಿನಲ್ಲಿರುವ ನೀರು ಹೊಟ್ಟೆಗೆ ಹೋಗಬೇಕಲ್ಲ?

ಎರಡನೇ ದಿನ, ಓಸಿಯಾಂ ಬಿಟ್ಟಾಗ ಎಂಟು ಡಿಗ್ರಿ. ಕೈಗವಸು, ಜಾಕೆಟ್ಟು. ಬೆನ್ನಿಗೆ ಗಾಳಿ. ನಲವತ್ತು ಕಿ.ಮೀ. ದಾಟಿದ ಮೇಲೆ ಮೇಷ್ಟ್ರು ಹಿಂದೆ ಬೀಳತೊಡಗಿದರು. ಅವರು ಹಿಂದೆ ಬೀಳುವ ಆಸಾಮಿಯಲ್ಲ. "ಸರ್, ನೀರು ಕುಡಿದ್ರೇನ್ರಿ?" ಅಂದೆ. "ಕುಡ್ದೇನೋ ತಮ್ಮಾ. ನೀರಡಿಕಿನೇ ಆಗವಲ್ತು." ಅವರ ಬಾಟಲಿ ಎತ್ತಿ ನೋಡಿದೆ. ಕತ್ತಿನವರೆಗೂ ನೀರು ಹಾಗೇ ಇತ್ತು. ಜರ್ಸಿಯ ಬೆನ್ನ ಮೇಲೆ ಸುಣ್ಣ ಬಳಿದಂತೆ ಬಿಳಿ ಉಪ್ಪಿನ ಗೆರೆ. ಗಾಳಿ ಅಷ್ಟು ಒಣಗಿರುತ್ತದೆ, ಬೆವರು ಬಂದದ್ದೇ ಗೊತ್ತಾಗದಂತೆ ಆರಿಹೋಗುತ್ತದೆ. ಮೈ ಒದ್ದೆಯಿಲ್ಲ, ಸೆಕೆಯಿಲ್ಲ, ಹಾಗಾಗಿ ಕುಡಿಯುವ ನೆನಪೂ ಬರುವುದಿಲ್ಲ.

ಹತ್ತು ನಿಮಿಷಕ್ಕೆ ತಲೆನೋವು, ವಾಂತಿ, ತೊಡೆ ಸೆಟೆದುಕೊಂಡಿತು. ಒಂದು ಬನ್ನಿ ಮರದ ಕೆಳಗೆ ಮಲಗಿಸಿದೆವು. ಅಲ್ಲಿ ಅದಕ್ಕೆ ಖೇಜ್ರಿ ಅನ್ನುತ್ತಾರೆ, ನಾವು ದಸರೆಗೆ ಪೂಜೆ ಮಾಡುವ ಅದೇ ಮರ. ಓಆರ್‌ಎಸ್ ಚಮಚ ಚಮಚವಾಗಿ ಕುಡಿಸಿ, ಬೊಲೆರೊದಲ್ಲಿ ಫಲೋದಿಯ ಆಸ್ಪತ್ರೆಗೆ ಕರೆದೊಯ್ದೆವು. ಎರಡು ಬಾಟಲಿ ಸಲೈನ್ ಹತ್ತಿದ ಮೇಲೆ ಮುಖಕ್ಕೆ ಕಳೆ ಬಂತು. ದಾರಿಯ ಪ್ರತಿ ಊರಿನ ಆಸ್ಪತ್ರೆ ಎಲ್ಲಿದೆ ಅಂತ ಒಂದು ಹಾಳೆಯಲ್ಲಿ ಬರೆದು ಡ್ರೈವರ್‌ಗೂ ಕೊಟ್ಟಿದ್ದೆ. ಇಡೀ ಪ್ಲಾನಿನಲ್ಲಿ ನಾನು ಬೆನ್ನು ತಟ್ಟಿಕೊಳ್ಳುವ ಸಂಗತಿ ಅದೊಂದೇ.

ರಾತ್ರಿ ಮೇಷ್ಟ್ರು ನಿಜ ಬಾಯಿಬಿಟ್ಟರು. ನೀರು ಕುಡಿದರೆ ಪದೇ ಪದೇ ಮೂತ್ರಕ್ಕೆ ನಿಲ್ಲಬೇಕು. "ನನ್ನ ಸಲುವಾಗಿ ಎಲ್ಲಾರನ್ನೂ ನಿಲ್ಲಸೂದು ಯಾಕ ಅಂತ ಬಿಟ್ಟೆ." ಅಷ್ಟು ಹೇಳಿದ್ದೇ ತಡ, ಗುಂಪಿನ ಇಬ್ಬರು ಹೆಂಗಸರಲ್ಲಿ ಒಬ್ಬರು, ಪಕ್ಕದಲ್ಲಿದ್ದ ಅಕ್ಕ, ಸಿಟ್ಟಿನಿಂದಲೇ ಶುರು ಮಾಡಿದರು. "ನಾವಿಬ್ರೂ ಬೆಳಿಗ್ಗಿಂದ ಕುಡಿದಿದ್ದು ಒಂದ ಬಾಟ್ಲಿ. ಗಿಡಾ ಇಲ್ಲ, ಗ್ವಾಡಿ ಇಲ್ಲ, ಎಲ್ಲಿ ಕೂಡೂದೋ?" ನನಗೆ ನಾಚಿಕೆಯಾಯಿತು. ಮೂರು ತಿಂಗಳು ಕೂತು ಪ್ಲಾನ್ ಮಾಡಿದ್ದೆ. ನೀರು ಒಳಗೆ ಹೋಗುವುದರ ಲೆಕ್ಕ ಇತ್ತು, ಹೊರಗೆ ಬರುವುದರ ಲೆಕ್ಕ ಇರಲಿಲ್ಲ.

ಮರುದಿನ ಸೈಕಲ್ ಹೊಡೆಯಲಿಲ್ಲ. ಫಲೋದಿಯ ಪಕ್ಕದ ಖೀಚನ್‌ಗೆ ಹೋಗಿ ಕುರ್ಜಾ ಹಕ್ಕಿಗಳನ್ನು ನೋಡುತ್ತಾ ಕೂತೆವು. ಚಳಿಗಾಲಕ್ಕೆ ಸಾವಿರಾರು ಬರುತ್ತವೆ, ಊರಿನವರು ಕಾಳು ಹಾಕುತ್ತಾರೆ. ಮೇಷ್ಟ್ರು ಶಾಲು ಹೊದ್ದುಕೊಂಡು, ಅರ್ಧ ಗಂಟೆಗೊಮ್ಮೆ ಬಾಟಲಿ ಎತ್ತುತ್ತಾ, "ಕಾಯಿಲೆ ಬಿದ್ದದ್ದು ಚಲೋನೇ ಆತು" ಅಂದರು.

ಅಲ್ಲಿಂದ ಮುಂದೆ ಕ್ರಮ ಬದಲಾಯಿತು. ಪ್ರತಿ 15 ಕಿ.ಮೀ.ಗೆ ಹತ್ತು ನಿಮಿಷದ ಕಡ್ಡಾಯ ನಿಲುಗಡೆ, ಯಾರಿಗೆ ಬೇಕಿರಲಿ ಬೇಡದಿರಲಿ. ಹಾಗಾದರೆ ಯಾರೂ ಬಾಯಿಬಿಟ್ಟು ಕೇಳಬೇಕಿಲ್ಲ. ಬೊಲೆರೊದ ಹಿಂಬಾಗಿಲು ತೆರೆದು ಎರಡು ಬೆಡ್‌ಶೀಟ್ ಕಟ್ಟಿದರೆ ಮರೆ ಸಿದ್ಧ. ಖಾಲಿ ಬಾಟಲಿ ತೋರಿಸದೆ ಹೊರಡುವಂತಿಲ್ಲ. ಮೂತ್ರ ಗಾಢ ಹಳದಿಯಾದರೆ ಒಬ್ಬರಿಗಾದರೂ ಹೇಳಬೇಕು. ಮೊದಲ ದಿನ ಇದಕ್ಕೆ ನಕ್ಕರು, ಆಮೇಲೆ ಹವಾಮಾನದ ಸುದ್ದಿಯಂತೆ ಹೇಳತೊಡಗಿದರು. ಬರೀ ನೀರು ಕುಡಿದರೂ ಸಾಲದು, ಬೆವರಿನ ಜೊತೆ ಹೋದ ಉಪ್ಪು ವಾಪಸ್ ಬರಬೇಕು. ಎರಡರಲ್ಲಿ ಒಂದು ಬಾಟಲಿಗೆ ಓಆರ್‌ಎಸ್, ಢಾಬಾದಲ್ಲಿ ಮಜ್ಜಿಗೆ. ಸಜ್ಜೆ ರೊಟ್ಟಿ ಬೆಳ್ಳುಳ್ಳಿ ಚಟ್ನಿ ಸಿಕ್ಕಾಗ ಊರಿಗೆ ಬಂದಂತಾಯಿತು.

ಮುಳ್ಳಿನ ಕಾಟವನ್ನೂ ಹೇಳಬೇಕು. ನಮ್ಮ ಬಳ್ಳಾರಿ ಜಾಲಿ ಅಲ್ಲೂ ರಸ್ತೆಯುದ್ದಕ್ಕೂ ಇದೆ, ನೆಗ್ಗಿಲ ಮುಳ್ಳೂ ಇದೆ. ರಸ್ತೆ ಬಿಟ್ಟು ಇಳಿಯುವಾಗ ಸೈಕಲ್ ತಳ್ಳಬೇಡಿ, ಎತ್ತಿಕೊಂಡು ಹೋಗಿ. ಟ್ಯೂಬ್ ಬದಲಿಸುವ ಮುಂಚೆ ಟೈರಿನ ಒಳಗೆ ಹತ್ತಿಬಟ್ಟೆ ಸವರಿ. ತುದಿ ಮುರಿದ ಮುಳ್ಳು ಇದ್ದರೆ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ನಮ್ಮ ಹುಡುಗ ಒಂದೇ ಚಕ್ರಕ್ಕೆ ಮೂರು ಟ್ಯೂಬ್ ಕಳೆದ. ರಸ್ತೆಗೆ ಮರಳು ಹರಡಿದ್ದರೆ ಬ್ರೇಕ್ ಹಿಡಿಯಬಾರದು, ಹ್ಯಾಂಡಲ್ ತಿರುಗಿಸಬಾರದು, ನೆಟ್ಟಗೆ ತುಳಿಯುತ್ತಾ ದಾಟಬೇಕು. ಚೈನಿಗೆ ಎಣ್ಣೆ ಸುರಿದರೆ ಧೂಳು ಮೆತ್ತಿ ಉಪ್ಪುಕಾಗದವಾಗುತ್ತದೆ. ಎಣ್ಣೆಯ ಬದಲು ಮೇಣದ ಲೂಬ್ರಿಕೆಂಟ್ ಒಳ್ಳೆಯದು.

ಪೋಖ್ರಣ್‌ನಿಂದ ಜೈಸಲ್ಮೇರ್ 110 ಕಿ.ಮೀ. ನಡುವೆ ನಮಗೆ ಸರಿಯಾದ ವಸತಿ ಸಿಗಲಿಲ್ಲ, ಒಂದೇ ಉಸಿರಿಗೆ ಹೋಗಬೇಕಾಯಿತು. ಮಧ್ಯಾಹ್ನ ಎರಡಕ್ಕೆ 75 ಕಿ.ಮೀ. ಮುಟ್ಟದವರು ಗಾಡಿ ಹತ್ತಬೇಕು ಅಂತ ಹಿಂದಿನ ರಾತ್ರಿಯೇ ಮಾತಾಗಿತ್ತು. ಮೂವರು ಹತ್ತಿದರು. ಅದರಲ್ಲಿ ನಾನೂ ಒಬ್ಬ. ಮೇಷ್ಟ್ರು ಹತ್ತಲಿಲ್ಲ. ಐದಕ್ಕೆ ಹತ್ತು ನಿಮಿಷ ಇರುವಾಗ ಕೋಟೆಯ ಕೆಳಗೆ ಬಂದು ಇಳಿದು, ಮಾತಾಡದೆ ಎರಡೂ ಬಾಟಲಿಗಳನ್ನು ಬೋರಲು ಹಿಡಿದು ತೋರಿಸಿದರು.