ಕ್ಯಾಂಪಿನ ಐವತ್ತು ಮಂದಿಗೆ ಊರಿನ ಅಕ್ಕನ ಕೈಯೂಟ

ಕಾಲೇಜಿನ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ವಿಶೇಷ ಶಿಬಿರ ಅಂದ್ರೆ ಏಳು ದಿನ. ಐವತ್ತು ಹುಡುಗ ಹುಡುಗಿಯರು ಶಾಲೆಯಲ್ಲಿ ಮಲಗಿ, ಬೆಳಗ್ಗೆ ಎದ್ದು ಗುದ್ದಲಿ ಹಿಡಿಯುತ್ತಾರೆ. ಹಸಿವು ಜೋರು. ಪಟ್ಟಣದಿಂದ ಊಟ ತರಿಸಿದರೆ ಬರುವಷ್ಟರಲ್ಲಿ ಆರಿರುತ್ತದೆ. ಗದಗ ಕಡೆಯ ಹಳ್ಳಿಗಳಲ್ಲಿ ಕ್ಯಾಂಪು ನಡೆಸುವ ನಾನು ಊರಿನವರನ್ನೇ ಅಡುಗೆಗೆ ಹಿಡಿಯುತ್ತೇನೆ.

ಮೊದಲು ಶಾಲೆಯ ಬಿಸಿಯೂಟದ ಅಕ್ಕಂದಿರನ್ನು ಕೇಳಿ. ಅವರಿಗೆ ಅವರದೇ ಕೆಲಸ ಇರುತ್ತದೆ, ಆದರೆ ಯಾರ ಕೈ ಚೆನ್ನ ಅನ್ನೋದು ಗೊತ್ತಿರುತ್ತದೆ. ಆಮೇಲೆ ಅವರು ಹೇಳಿದ ಅಕ್ಕನ ಮನೆಗೇ ಹೋಗಿ ಮಾತಾಡಿ. ಹೊಲದ ಕೂಲಿ ಬಿಟ್ಟು ಬರುತ್ತಾರೆ. ಸುಗ್ಗಿಯಲ್ಲಿ ಕೂಲಿ ಎಷ್ಟು ಸಿಗುತ್ತದೋ ಅದಕ್ಕಿಂತ ಕಡಿಮೆ ಹೇಳಬೇಡಿ. ಜೊತೆಗೆ ಇಬ್ಬರು ಬೇಕೇ ಬೇಕು. ಅವರನ್ನು ಆರಿಸುವುದು ಅಕ್ಕನಿಗೇ ಬಿಡಿ. ಅವರ ಓರಗಿತ್ತಿಯೋ ಪಕ್ಕದ ಮನೆಯವರೋ ಬಂದರೆ ಒಳ್ಳೆಯದು. ನಾವು ಕಳಿಸಿದವರ ಜೊತೆ ಕೆಲಸ ಸಾಗುವುದಿಲ್ಲ.

ಮನೆಯಲ್ಲಿ ಹತ್ತು ಮಂದಿಗೆ ಮಾಡಿದ ಕೈಗೆ ಐವತ್ತರ ಅಳತೆ ಹೊಸದು. ಕೂತು ಚೀಟಿ ಬರೆಯಿರಿ. ಒಂದು ಊಟಕ್ಕೆ ಆರೇಳು ಕೆಜಿ ಅಕ್ಕಿ, ಎರಡು ಕೆಜಿ ಬೇಳೆ, ಉಪ್ಪಿಟ್ಟಿಗೆ ಮೂರು ಕೆಜಿ ರವೆ. ದೊಡ್ಡ ಡಬರಿ, ಸೌಟು ಗುಡಿಯಲ್ಲೋ ಶಾಮಿಯಾನದವರ ಹತ್ತಿರವೋ ಸಿಗುತ್ತವೆ. ಬಿಸಿ ರೊಟ್ಟಿಯ ಆಸೆ ಬಿಡಿ. ನೂರೈವತ್ತು ರೊಟ್ಟಿ ಬಡಿದರೆ ಬೇರೇನೂ ಆಗುವುದಿಲ್ಲ. ಸ್ವಸಹಾಯ ಸಂಘದವರಿಗೆ ನೂರರ ಲೆಕ್ಕದಲ್ಲಿ ಖಡಕ್ ರೊಟ್ಟಿ ಹೇಳಿಬಿಡಿ, ವಾರವಿಡೀ ಕೆಡುವುದಿಲ್ಲ.

ಏನು ಮಾಡಬೇಕು ಅಂತ ನೀವೇ ಪಟ್ಟಿ ಕೊಡಬೇಡಿ. ನಾನೊಮ್ಮೆ ಪಲಾವ್, ಗೋಬಿ ಅಂತ ಕೊಟ್ಟೆ. ಪಲಾವ್ ಮುದ್ದೆಯಾಯಿತು. ಮರುದಿನ ಅಕ್ಕ ತಾವಾಗಿಯೇ ಪುಂಡಿಪಲ್ಲೆ (ಪುಂಡಿ ಸೊಪ್ಪಿನ ಪಲ್ಯ), ನುಚ್ಚು, ಸಾರು, ಮಜ್ಜಿಗೆ ಮಾಡಿದರು. ಸಾರಿಗೆ ಮೂರು ಸಲ ಉಪ್ಪು ಹಾಕಿ, ಪ್ರತಿ ಸಲ ಅಂಗೈ ಮೇಲೆ ಹನಿ ಬಿಟ್ಟುಕೊಂಡು ನೆಕ್ಕಿ ನೋಡಿದರು. ಡಬರಿ ಖಾಲಿ!

ಎರಡು ಮಾತು ಮಾತ್ರ ಮೊದಲೇ ಹೇಳಿ. ಈ ಕಡೆ ಚಟ್ನಿ, ಪಲ್ಲೆ ಎಲ್ಲದಕ್ಕೂ ಶೇಂಗಾ ಪುಡಿ ಬೀಳುತ್ತದೆ. ಶೇಂಗಾ ಆಗದವರಿದ್ದರೆ ಅವರದ್ದು ಬೇರೆ ಪಾತ್ರೆಯಲ್ಲೇ ಆಗಬೇಕು. ಮೊದಲ ಎರಡು ದಿನ ಖಾರ ಕಡಿಮೆ ಇರಲಿ. ಕುಡಿಯುವ ನೀರು ಕಾಯಿಸುವುದು ಹುಡುಗರ ಪಾಳಿ, ಅಕ್ಕನ ತಲೆಗೆ ಕಟ್ಟಬೇಡಿ.

ಉದ್ಘಾಟನೆಯ ದಿನ ಜಾಗ್ರತೆ. ಐವತ್ತು ಅಂದಿದ್ದೆ, ಊರ ಹಿರಿಯರು, ಪಂಚಾಯ್ತಿಯವರು ಸೇರಿ ಎಪ್ಪತ್ತಾದರು. ಅನ್ನ ಮುಗಿಯಿತು. ಅಕ್ಕ ಸಿಟ್ಟಾಗಲಿಲ್ಲ: "ಅಕ್ಕಿ ನಾ ಅಳೀತೇನ್ರಿ ಸರ, ಮಂದಿ ನೀವ್ ಎಣಸ್ರಿ." ಅಂದಿನಿಂದ ಹಿಂದಿನ ರಾತ್ರಿಯೇ ಒಬ್ಬ ಹುಡುಗ ತಲೆ ಎಣಿಸಿ ಹೇಳಿಬರುತ್ತಾನೆ.

ಕೂಲಿ ಆಯಾ ದಿನ ಸಂಜೆಯೇ ಕೊಡಿ, ಮೂವರಿಗೂ ಬೇರೆ ಬೇರೆಯಾಗಿ. ಕಾಲೇಜಿನ ಬಿಲ್ ಪಾಸಾಗುವವರೆಗೆ ಕಾಯಿಸುವುದು ಸರಿಯಲ್ಲ, ಅಲ್ವಾ? ಕೊನೆಯ ದಿನ ಉಳಿದ ಅಕ್ಕಿ, ಎಣ್ಣೆ ಯಾರಿಗೆ ಅನ್ನೋದನ್ನೂ ಮೊದಲ ದಿನವೇ ಮಾತಾಡಿಕೊಳ್ಳಿ. ನಾವು ಅಕ್ಕನ ಮನೆಗೇ ಕಳಿಸುತ್ತೇವೆ, ಡಬರಿ ಮಾತ್ರ ತೊಳೆದು ಗುಡಿಗೆ.