ಗಾಜು ಒಣಗುವ ಮೊದಲು ಮುಖ ಮೂಡಬೇಕು: ವೆಟ್ ಪ್ಲೇಟ್ ಭಾವಚಿತ್ರ ಮಾಡುವುದು ಹೇಗೆ?

ಹುಬ್ಬಳ್ಳಿ-ಧಾರವಾಡದಲ್ಲಿ ವೆಟ್ ಪ್ಲೇಟ್ ಫೋಟೊ ಮಾಡುವ ಆಸೆ ಇದ್ದರೆ ನವೆಂಬರ್‌ನಿಂದ ಫೆಬ್ರುವರಿವರೆಗಿನ ಬೆಳಗಿನ ಹೊತ್ತನ್ನು ಆರಿಸಿಕೊಳ್ಳಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಬೇಡವೇ ಬೇಡ. ಈ ವಿಧಾನದಲ್ಲಿ ಗಾಜಿಗೆ ರಾಸಾಯನಿಕ ಹಚ್ಚುವುದು, ಫೋಟೊ ತೆಗೆಯುವುದು, ಡೆವಲಪ್ ಮಾಡುವುದು, ಮೂರೂ ಕೆಲಸ ಗಾಜು ಒದ್ದೆಯಾಗಿರುವಾಗಲೇ ಮುಗಿಯಬೇಕು. ತಂಪು ಹೊತ್ತಿನಲ್ಲಿ ಸುಮಾರು ಹತ್ತು ನಿಮಿಷ ಸಿಗುತ್ತದೆ. ನಮ್ಮ ಬೇಸಿಗೆಯ ಒಣ ಗಾಳಿಗೆ ಅದು ಅರ್ಧಕ್ಕೆ ಇಳಿಯುತ್ತದೆ.

ಇಂಗ್ಲೆಂಡಿನ ಶಿಲ್ಪಿ ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಹಾಗಾಗಿ ಬೇಗ ಹರಡಿತು. ಅವರು ಮಾತ್ರ 1857ರಲ್ಲಿ ಬಡತನದಲ್ಲೇ ತೀರಿಕೊಂಡರು. 1855ರಲ್ಲಿ ಬಾಂಬೆ ಸರ್ಕಾರದ ಪರವಾಗಿ ನಮ್ಮ ಭಾಗದ ಗುಡಿಗಳ ಫೋಟೊ ತೆಗೆದ ಸೇನಾಧಿಕಾರಿ ಥಾಮಸ್ ಬಿಗ್ಸ್ ಬಳಸಿದ್ದು ಕಾಗದದ ನೆಗೆಟಿವ್. ಅದಕ್ಕೆ ಇಷ್ಟು ಅವಸರ ಇಲ್ಲ. ಒದ್ದೆ ಗಾಜು ಹಾಗಲ್ಲ. ಎಲ್ಲಿ ಫೋಟೊ ತೆಗೆಯುತ್ತೀರೋ ಅಲ್ಲೇ ಪಕ್ಕದಲ್ಲಿ ಕತ್ತಲೆ ಕೋಣೆ ಇರಬೇಕು.

ಮೊದಲು ಕಣ್ಣು, ಬೆಂಕಿ

ಇದನ್ನು ಓದದೆ ಮುಂದೆ ಹೋಗಬೇಡಿ. ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿದರೆ ಕಪ್ಪು ಕಲೆ ಆಗುತ್ತದೆ, ಕೆಲವು ದಿನಕ್ಕೆ ಹೋಗುತ್ತದೆ. ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಆದ್ದರಿಂದ ಕನ್ನಡಕ ಹಾಕುವವರೂ ಸೇರಿ ಎಲ್ಲರೂ ಪೂರ್ತಿ ಮುಚ್ಚುವ ಗಾಗಲ್ ಹಾಕಲೇಬೇಕು. ಕೈಗೆ ನೈಟ್ರೈಲ್ ಗ್ಲೌಸ್.

ಗಾಜಿನ ಮೇಲೆ ತೆಳು ಪೊರೆ ಕೂರಿಸುವ ಅಂಟು ದ್ರಾವಣವೇ ಕೊಲೋಡಿಯನ್. ಅದರಲ್ಲಿ ಈಥರ್ ಇರುತ್ತದೆ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಮುಟ್ಟುತ್ತದೆ. ಅಡುಗೆಮನೆ, ದೇವರ ದೀಪ, ಊದಿನಕಡ್ಡಿ ಯಾವುದೂ ಹತ್ತಿರ ಇರಬಾರದು. ಗಾಳಿ ಆಡುವ ಪಡಸಾಲೆ ಅಥವಾ ತಾರಸಿ ಒಳ್ಳೆಯದು. ಕೊಲೋಡಿಯನ್ ಅನ್ನು ಹತ್ತಿಯಿಂದ ಮನೆಯಲ್ಲಿ ತಯಾರಿಸಲು ಹೋಗಬೇಡಿ, ಅದು ಸ್ಫೋಟಕದ ಕೆಲಸ. ಅಯೊಡೈಡ್ ಮತ್ತು ಬ್ರೋಮೈಡ್ ಲವಣ ಸೇರಿಸಿದ ಸಿದ್ಧ ದ್ರಾವಣವನ್ನೇ ಕೊಳ್ಳಿ. ಹಳೆಯ ಪುಸ್ತಕಗಳು ಫಿಕ್ಸ್ ಮಾಡಲು, ಅಂದರೆ ಡೆವಲಪ್ ಆದ ಮೇಲೆ ಉಳಿದ ಬೆಳ್ಳಿ ಲವಣವನ್ನು ಕರಗಿಸಿ ತೆಗೆಯಲು, ಪೊಟ್ಯಾಸಿಯಂ ಸಯನೈಡ್ ಹೇಳುತ್ತವೆ. ಅದರ ಹತ್ತಿರವೂ ಸುಳಿಯಬೇಡಿ. ಹೈಪೊ (ಸೋಡಿಯಂ ಥಯೋಸಲ್ಫೇಟ್) ಸಾಕು.

ಸಾಮಾನು

ಮರದ ಫೀಲ್ಡ್ ಕ್ಯಾಮೆರಾ, ಅದಕ್ಕೆ ಹೊಂದುವ ಪ್ಲೇಟ್ ಹೋಲ್ಡರ್, ದೊಡ್ಡ ಬಾಯಿಯ ಲೆನ್ಸ್. 4×5 ಇಂಚಿನಿಂದ ಶುರು ಮಾಡಿ. 2 ಮಿಲಿಮೀಟರ್ ದಪ್ಪದ ಗಾಜನ್ನು ಕಿಟಕಿ ಗಾಜು ಮಾರುವ ಅಂಗಡಿಯಲ್ಲೇ ಅಳತೆಗೆ ಕತ್ತರಿಸಿ ಕೊಡುತ್ತಾರೆ. ಸಿಲ್ವರ್ ನೈಟ್ರೇಟ್, ಫೆರಸ್ ಸಲ್ಫೇಟ್, ಅಸಿಟಿಕ್ ಆಮ್ಲ, ಹೈಪೊ ಇವು ಕಾಲೇಜು ಲ್ಯಾಬ್‌ಗಳಿಗೆ ಮಾಲು ಕೊಡುವವರ ಬಳಿ ಸಿಗುತ್ತವೆ. ಈಥೈಲ್ ಆಲ್ಕೋಹಾಲ್‌ಗೆ ಅಬಕಾರಿ ನಿಯಮ ಇದೆ, ವಿಚಾರಿಸಿ ಕೊಳ್ಳಿ.

ನೀರಿನ ಬಗ್ಗೆ ಒಂದು ಮಾತು. ನಲ್ಲಿಯಲ್ಲಿ ಬರುವುದು ಕ್ಲೋರಿನ್ ಹಾಕಿದ ನೀರು, ಬೋರ್‌ವೆಲ್ ನೀರಿನಲ್ಲಿ ಲವಣ ಜಾಸ್ತಿ. ಎರಡರಲ್ಲೂ ಇರುವ ಕ್ಲೋರೈಡ್ ಬೆಳ್ಳಿಯನ್ನು ಹಿಡಿದು ಹಾಲಿನಂತೆ ಬೆಳ್ಳಗೆ ಮಾಡಿಬಿಡುತ್ತದೆ. ಬೆಳ್ಳಿಯ ದ್ರಾವಣಕ್ಕೂ ಡೆವಲಪರ್‌ಗೂ ಡಿಸ್ಟಿಲ್ಡ್ ವಾಟರ್ ಮಾತ್ರ. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಕೊನೆಯ ತೊಳೆತಕ್ಕೆ ನಲ್ಲಿ ನೀರು ನಡೆಯುತ್ತದೆ.

ಅಳತೆ ಹೀಗಿರಲಿ. ಬೆಳ್ಳಿ ದ್ರಾವಣ: ಒಂದು ಲೀಟರ್‌ಗೆ 90 ಗ್ರಾಂ ಸಿಲ್ವರ್ ನೈಟ್ರೇಟ್. ಡೆವಲಪರ್: 350 ಮಿಲಿ ನೀರಿಗೆ 15 ಗ್ರಾಂ ಫೆರಸ್ ಸಲ್ಫೇಟ್, 14 ಮಿಲಿ ಗ್ಲೇಶಿಯಲ್ ಅಸಿಟಿಕ್ ಆಮ್ಲ, 18 ಮಿಲಿ ಆಲ್ಕೋಹಾಲ್. ಫಿಕ್ಸರ್: ಲೀಟರ್‌ಗೆ 200 ಗ್ರಾಂ ಹೈಪೊ.

ಬಟ್ಟೆ ಬಣ್ಣ ನೋಡಿ ಆರಿಸಿ

ಭಾವಚಿತ್ರದ ಅರ್ಧ ಸೊಗಸು ಇಲ್ಲೇ ತೀರ್ಮಾನವಾಗುತ್ತದೆ. ಈ ಗಾಜು ನೀಲಿ ಮತ್ತು ನೇರಳೆಯಾಚೆಯ ಬೆಳಕನ್ನು ಮಾತ್ರ ಕಾಣುತ್ತದೆ. ಕೆಂಪು, ಹಳದಿ ಅದಕ್ಕೆ ಕತ್ತಲೆ. ಇಳಕಲ್ ಸೀರೆಯ ಕೆಂಪು ಸೆರಗು ಕಪ್ಪಾಗಿ ಬರುತ್ತದೆ, ಹಣೆಯ ಕುಂಕುಮವೂ ಅಷ್ಟೇ. ವಿಭೂತಿ ಮತ್ತು ಬಿಳಿ ರುಮಾಲು ಮಾತ್ರ ಹೊಳೆಯುತ್ತವೆ. ತಿಳಿ ನೀಲಿ ಅಂಗಿ ಹೆಚ್ಚುಕಡಿಮೆ ಬಿಳಿಯಾಗುತ್ತದೆ. ಹಿಂದೆ ನವಲಗುಂದದ ಜಮಖಾನೆ ಕಟ್ಟಿದರೆ ಚೆಂದ ಅನ್ನಿಸುತ್ತದೆ. ಆದರೆ ಅದರ ಕೆಂಪು, ಹಳದಿ ಚಿತ್ತಾರಗಳೆಲ್ಲ ಒಂದೇ ಕಪ್ಪಿನಲ್ಲಿ ಕರಗಿಹೋಗುತ್ತವೆ. ಬಣ್ಣ ಹಾಕದ ಖಾದಿ ಬಟ್ಟೆಯನ್ನು ಸ್ವಲ್ಪ ದೂರದಲ್ಲಿ ಇಳಿಬಿಡುವುದು ಮೇಲು.

ಚರ್ಮವೂ ಇದ್ದದ್ದಕ್ಕಿಂತ ಗಾಢವಾಗಿ ಕಾಣುತ್ತದೆ. ಬಿಸಿಲಿನ ಕಲೆ, ನೆರಿಗೆ, ಗಾಯದ ಗುರುತು ಎಲ್ಲ ಎದ್ದು ನಿಲ್ಲುತ್ತವೆ. ಹೊಲದಲ್ಲಿ ದುಡಿದ ಹಿರಿಯರ ಮುಖಕ್ಕೆ ಈ ವಿಧಾನದಷ್ಟು ನ್ಯಾಯ ಮಾಡುವುದು ಬೇರೆ ಇಲ್ಲ ಎಂದು ನಾನು ನಂಬುತ್ತೇನೆ. ಆದರೆ ಹೇಗೆ ಕಾಣುತ್ತಾರೆಂದು ಕೂರುವವರಿಗೆ ಮೊದಲೇ ಹೇಳಿ, ಒಪ್ಪಿಗೆ ಪಡೆಯಿರಿ. ಬೆಳ್ಳಗೆ ಕಾಣಲೆಂದು ಪೌಡರ್ ಬಳಿಯಬೇಡಿ. ಮುಖದ ಜೀವವೇ ಹೋಗುತ್ತದೆ.

ಕೂರಿಸುವುದು

ಗಾಜಿಗೆ ಕೈ ಹಾಕುವ ಮೊದಲೇ ಕೂರಿಸಿ, ಫೋಕಸ್ ಮಾಡಿ, ಎಲ್ಲ ಮುಗಿಸಿಡಿ. ಹಳೆಯ ಮನೆಯ ಪಡಸಾಲೆ, ಬಯಲು ಆಕಾಶ ಕಾಣುವ ಕಟ್ಟೆ, ಬೇವಿನ ಮರದ ಅಂಚಿನ ನೆರಳು ಒಳ್ಳೆಯ ಜಾಗಗಳು. ನೇರ ಬಿಸಿಲಿನಲ್ಲಿ ಕಣ್ಣು ಕಿರಿದಾಗುತ್ತದೆ. ಹಳದಿ ಬಲ್ಬಿನ ಬೆಳಕು ಎಷ್ಟಿದ್ದರೂ ಉಪಯೋಗ ಕಡಿಮೆ.

ತೆರೆದ ನೆರಳಿನಲ್ಲಿ 5ರಿಂದ 10 ಸೆಕೆಂಡ್ ಬೇಕು. ಅಷ್ಟು ಹೊತ್ತು ತಲೆ ಅಲುಗಬಾರದು. ಕುರ್ಚಿಯ ಹಿಂದೆ ಒಂದು ಗಟ್ಟಿ ಕಂಬ ನಿಲ್ಲಿಸಿ, ತಲೆಯ ಹಿಂಭಾಗ ಅದಕ್ಕೆ ಮೆಲ್ಲಗೆ ತಾಗುವಂತೆ ಮಾಡಿ. ನಗಲು ಹೇಳಬೇಡಿ, ನಗು ಅಷ್ಟು ಹೊತ್ತು ನಿಲ್ಲುವುದಿಲ್ಲ. ಕಣ್ಣು ಮಿಟುಕಿಸಿದರೆ ತೊಂದರೆ ಇಲ್ಲ. “ಅಜ್ಜಾರ, ನಾ ಹತ್ತು ಎಣಿಸೂತನಕ ಅಲ್ಲೇ ಆ ಗಿಡ ನೋಡ್ಕೋತ ಕೂಡ್ರಿ” ಅಂದರೆ ಸಾಕು. ಮುಖ ತಾನಾಗಿ ತನ್ನ ನಿಜವಾದ ಠೀವಿಗೆ ಬರುತ್ತದೆ.

ಗಾಜಿನ ಕೆಲಸ

1. ಗಾಜಿನ ಅಂಚನ್ನು ಸಾಣೆಕಲ್ಲಿನಿಂದ ಉಜ್ಜಿ. ಕೈ ಕೊಯ್ಯುವುದಿಲ್ಲ, ಪೊರೆಯೂ ಕಿತ್ತು ಬರುವುದಿಲ್ಲ. ವೈಟಿಂಗ್ ಪೌಡರನ್ನು (ನುಣ್ಣನೆಯ ಸೀಮೆಸುಣ್ಣದ ಪುಡಿ) ನೀರು, ಆಲ್ಕೋಹಾಲ್ ಜೊತೆ ಕಲಸಿ ಒರೆಸಿ. ಗಾಜಿನ ಮೇಲೆ ಉಸಿರು ಬಿಡಿ. ಮಂಜು ಎಲ್ಲ ಕಡೆ ಒಂದೇ ಸಮ ಕೂತರೆ ಗಾಜು ಶುದ್ಧವಾಗಿದೆ.

2. ಒಂದು ಮೂಲೆ ಹಿಡಿದು ಗಾಜನ್ನು ಅಡ್ಡಲಾಗಿಡಿ. ಮಧ್ಯಕ್ಕೆ ಕೊಲೋಡಿಯನ್ ಸುರಿದು, ನಾಲ್ಕೂ ಮೂಲೆಗೆ ಒಂದೊಂದಾಗಿ ಓಡಿಸಿ. ಕೊನೆಯ ಮೂಲೆಯಿಂದ ಹೆಚ್ಚಿನದನ್ನು ಬಾಟಲಿಗೆ ಇಳಿಸುವಾಗ ಗಾಜನ್ನು ಮೆಲ್ಲಗೆ ತೂಗಾಡಿಸಿ, ಇಲ್ಲದಿದ್ದರೆ ಗೆರೆ ಬೀಳುತ್ತವೆ. ಆ ಮೂಲೆಯನ್ನು ಬೆರಳಿಂದ ಮುಟ್ಟಿದರೆ ಅಚ್ಚು ಬೀಳಬೇಕು, ಬೆರಳಿಗೆ ಅಂಟಬಾರದು. ಅದೇ ಹದ. ಬಿಸಿಲಿನ ದಿನ ಇದು ಕೆಲವೇ ಸೆಕೆಂಡುಗಳಲ್ಲಿ ಬಂದುಬಿಡುತ್ತದೆ.

3. ಇಲ್ಲಿಂದ ಕೆಂಪು ಬೆಳಕು ಮಾತ್ರ. ಗಾಜನ್ನು ಬೆಳ್ಳಿ ದ್ರಾವಣಕ್ಕೆ ಒಂದೇ ಓಟದಲ್ಲಿ ಇಳಿಸಿ, ನಡುವೆ ನಿಲ್ಲಿಸಿದರೆ ಅಲ್ಲೇ ಗೆರೆ ಮೂಡುತ್ತದೆ. 3ರಿಂದ 4 ನಿಮಿಷ ಬಿಡಿ. ಮೇಲೆತ್ತಿದಾಗ ಎಣ್ಣೆಯಂಥ ಗೆರೆಗಳಿಲ್ಲದೆ ದ್ರಾವಣ ಸಮವಾಗಿ ಇಳಿದರೆ ಗಾಜು ಸಿದ್ಧ. ಹಿಂಬದಿ ಒರೆಸಿ ಹೋಲ್ಡರ್‌ಗೆ ಹಾಕಿ.

4. ಲೆನ್ಸಿನ ಮುಚ್ಚಳ ತೆಗೆದು ಎಣಿಸಿ, ಮುಚ್ಚಿ. ತಡಮಾಡದೆ ಕತ್ತಲೆ ಕೋಣೆಗೆ ನಡೆಯಿರಿ.

5. ಡೆವಲಪರನ್ನು ಒಂದು ಅಂಚಿನಿಂದ ಒಂದೇ ಬೀಸಿಗೆ ಹರಿಸಿ. ಗಾಜಿನ ಮೇಲಿನ ಬೆಳ್ಳಿ ಕೆಳಗೆ ಚೆಲ್ಲಬಾರದು. ಚಿತ್ರಕ್ಕೆ ಅದೇ ಬೇಕು. ಸುಮಾರು 15 ಸೆಕೆಂಡಿಗೆ ಬಟ್ಟೆಯ ಬಿಳುಪು, ಆಮೇಲೆ ಕೆನ್ನೆ ಕಾಣಿಸುತ್ತವೆ. ನೆರಳಿನ ಭಾಗಕ್ಕೆ ಕಾಯಬೇಡಿ, ತಕ್ಷಣ ನೀರು ಸುರಿದು ನಿಲ್ಲಿಸಿ. ಸೆಕೆಯ ದಿನ ಡೆವಲಪರ್ ಬಾಟಲಿಯನ್ನು ಮಣ್ಣಿನ ಹರವಿಯ ತಣ್ಣೀರಿನಲ್ಲಿಡಿ, ಅಸಿಟಿಕ್ ಆಮ್ಲ ಸ್ವಲ್ಪ ಜಾಸ್ತಿ ಹಾಕಿ. ವೇಗ ಹತೋಟಿಗೆ ಬರುತ್ತದೆ.

6. ಇನ್ನು ಬೆಳಕಿಗೆ ತನ್ನಿ, ಕೂತವರನ್ನೂ ಹತ್ತಿರ ಕರೆಯಿರಿ. ಹೈಪೊದಲ್ಲಿ ಇಳಿಸಿದಾಗ ನೀಲಿ ಮಬ್ಬು ಕರಗಿ, ಮಸುಕು ನೆಗೆಟಿವ್ ಕಣ್ಣೆದುರೇ ಮುಖವಾಗಿ ತಿರುಗುತ್ತದೆ. ಇದನ್ನು ಅವರಿಂದ ಬಚ್ಚಿಡುವುದು ಅನ್ಯಾಯ.

7. ಅರ್ಧ ಗಂಟೆ ಹರಿಯುವ ನೀರಿನಲ್ಲಿ ತೊಳೆಯಿರಿ. ಹೈಪೊ ಉಳಿದರೆ ಮುಂದೆ ಚಿತ್ರ ಹಾಳಾಗುತ್ತದೆ.

ವಾರ್ನಿಶ್, ಕಪ್ಪು ಹಿನ್ನೆಲೆ

ಒಣಗಿದ ಪೊರೆ ಉಗುರು ತಾಗಿದರೂ ಕಿತ್ತುಬರುತ್ತದೆ, ಬೆಳ್ಳಿಯೂ ಗಾಳಿಗೆ ಮಂಕಾಗುತ್ತದೆ. ಸ್ಯಾಂಡರಾಕ್ ಗೋಂದು, ಲ್ಯಾವೆಂಡರ್ ಎಣ್ಣೆ, ಆಲ್ಕೋಹಾಲ್ ಸೇರಿಸಿದ ವಾರ್ನಿಶ್ ಹಳೆಯ ಕ್ರಮ. ಸಿಗದಿದ್ದರೆ ಬಡಿಗರು ಪಾಲಿಶ್‌ಗೆ ಬಳಸುವ ಅರಗು ಆಗುತ್ತದೆ, ಮೇಣ ತೆಗೆದ ತಿಳಿ ಬಣ್ಣದ್ದೇ ಇರಲಿ. ಗಾಜನ್ನು ಬೆಚ್ಚಗೆ ಮಾಡಿ, ಕೊಲೋಡಿಯನ್ ಸುರಿದಂತೆಯೇ ಸುರಿದು ಇಳಿಸಿ, ಮತ್ತೆ ಬೆಚ್ಚಗೆ ಮಾಡಿ. ಬೆಂಕಿಗಿಂತ ಹೇರ್ ಡ್ರೈಯರ್ ವಾಸಿ, ಅದನ್ನೂ ದೂರದಿಂದ ಹಿಡಿಯಿರಿ. ವಾರ್ನಿಶ್‌ನಲ್ಲಿ ಆಲ್ಕೋಹಾಲ್ ಇದೆ.

ಹಿಂದೆ ಕಪ್ಪು ಮಖಮಲ್ ಇಟ್ಟಾಗಲೇ ನೆರಳು ಆಳವಾಗಿ ಕಾಣುತ್ತದೆ. ಚಿತ್ರದ ಬದಿಯಿಂದ ನೋಡಿದರೆ ಎಡಬಲ ಅದಲುಬದಲು, ಎಡಗಡೆಯ ಜೇಬು ಬಲಕ್ಕೆ ಬಂದಿರುತ್ತದೆ. ಚಿತ್ರದ ಬದಿಯನ್ನು ಮಖಮಲ್ ಕಡೆ ತಿರುಗಿಸಿ ಗಾಜಿನ ಮೂಲಕ ನೋಡಿ, ಸರಿಹೋಗುತ್ತದೆ. ಹಾಗೇ ಫ್ರೇಮ್ ಹಾಕಿಸಿ.

ಬಳಸಿದ ಹೈಪೊದಲ್ಲಿ ಬೆಳ್ಳಿ ಕರಗಿರುತ್ತದೆ. ಅದನ್ನು ಗಟಾರಕ್ಕೆ, ಬಾವಿ ಹತ್ತಿರ ಚೆಲ್ಲಬೇಡಿ. ಮುಚ್ಚಳವಿರುವ ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ, ಸ್ಟೀಲ್ ವುಲ್ ಹಾಕಿಡಿ. ಬೆಳ್ಳಿ ಕೆಸರಿನಂತೆ ತಳಕ್ಕೆ ಇಳಿಯುತ್ತದೆ. ಅದನ್ನು ಬೇರೆಯಾಗಿ ಕೂಡಿಸಿಟ್ಟು, ರಾಸಾಯನಿಕ ತ್ಯಾಜ್ಯ ಪಡೆಯುವವರಿಗೆ ಕೊಡಿ.